ಸೂಜಿ-ದಾರ: ಮೊದಲ ಹೊಲಿಗೆ ಹಳೆ ಬಟ್ಟೆಯ ಮೇಲೆ

ಅಕ್ಕಾ, ಹೊಲಿಗೆ ಕಲಿಯುವ ಆಸೆ. ಮನೆಯಲ್ಲಿ ಮಷಿನ್ ಇಲ್ಲ. ಕಂತಿನ ಮೇಲೆ ತಗೊಳ್ಳಲಾ, ಇನ್ನೂ ಸ್ವಲ್ಪ ದಿನ ತಡೆಯಲಾ?
*– ಗಂಗಾವತಿಯ ಓದುಗರು*

ತಡೀರಿ. ಆದರೆ ಸುಮ್ನೆ ಕೂಡಬೇಡಿ. ಒಂದು ಸೂಜಿ, ಒಂದು ಉಂಡೆ ದಾರ, ಹರಿತವಾದ ಕತ್ತರಿ, ಟೇಪು. ಇಷ್ಟಿದ್ದರೆ ಇವತ್ತೇ ಶುರು ಮಾಡಬಹುದು.

ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಗೆ ಕಲಿಯಲು ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೊಲಿಸುವುದು ದಿಂಬಿನ ಕವರು. ಅದರಲ್ಲಿ ಕೊರಳಿಲ್ಲ, ತೋಳಿಲ್ಲ, ಗುಂಡಿ ಇಲ್ಲ. ಎಲ್ಲ ನೇರ ಹೊಲಿಗೆ. ಹಳೆಯ ಕಾಟನ್ ಸೀರೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿ. ನೆರಿಗೆಯ ಕಡೆ ಬಟ್ಟೆ ಜಾಳಾಗಿರುತ್ತದೆ. ಸೆರಗಿನ ಕಡೆ ಇನ್ನೂ ಗಟ್ಟಿ ಇರುತ್ತದೆ. ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಚರ್ ಅಂದರೆ ಆ ಭಾಗ ಬಿಡಿ.

17 ಇಂಚು ಅಗಲ, 27 ಇಂಚು ಉದ್ದದ ದಿಂಬಿಗೆ 18 ಇಂಚು ಅಗಲ, 62 ಇಂಚು ಉದ್ದದ ಒಂದೇ ತುಂಡು ಸಾಕು. ಎರಡೂ ತುದಿಯನ್ನು ಒಂದೊಂದು ಇಂಚು ಒಳಗೆ ಮಡಚಿ ಹೊಲಿಯಿರಿ. ಬಟ್ಟೆಯ ಒಳ್ಳೆಯ ಮಗ್ಗುಲು ಮೇಲೆ ಬರುವಂತೆ ಹಾಸಿ. ಎರಡೂ ತುದಿಗಳನ್ನು ನಡುವಿಗೆ ತಂದು, ಒಂದರ ಮೇಲೊಂದು 6 ಇಂಚು ಕೂಡುವಂತೆ ಇಡಿ. ಈಗ ಮಡಿಕೆಯಿಂದ ಮಡಿಕೆಗೆ 27 ಇಂಚು ಬರಬೇಕು. ಎರಡೂ ಬದಿಯನ್ನು ಅರ್ಧ ಇಂಚು ಬಿಟ್ಟು ಹೊಲಿದು, ತಿರುವಿ ಹಾಕಿ. ಜಿಪ್ಪಿನ ಖರ್ಚೂ ಇಲ್ಲ.

ಬದಿಗಳಿಗೆ ಬ್ಯಾಕ್ ಸ್ಟಿಚ್ ಹಾಕಿ. ಅಂದರೆ ಸೂಜಿ ಒಂದು ಹೆಜ್ಜೆ ಹಿಂದೆ ಚುಚ್ಚಿ, ಎರಡು ಹೆಜ್ಜೆ ಮುಂದೆ ಏಳಬೇಕು. ಕೈಯಲ್ಲಿ ಹಾಕಿದರೂ ವರ್ಷಗಟ್ಟಲೆ ಬಿಚ್ಚುವುದಿಲ್ಲ. ನಾಲ್ಕು ಕವರು ಹೊಲಿದ ಮೇಲೂ ಆಸೆ ಹಾಗೇ ಇದ್ದರೆ ಮಷಿನ್ ತಗೊಳ್ಳಿ. ಹೊಸದೇ ಆಗಬೇಕೆಂದಿಲ್ಲ.

ಹಳೆ ಮಷಿನ್ ತಂದಿದ್ದೇನೆ. ಹೊಲಿದಾಗಲೆಲ್ಲ ಬಟ್ಟೆಯ ಕೆಳಗೆ ದಾರ ಗಂಟು ಗಂಟಾಗುತ್ತದೆ. ಬಾಬಿನ್ ಕೆಟ್ಟಿದೆಯಾ?
*– ಮಾನ್ವಿಯ ಓದುಗರು*

ಬಹಳ ಸಲ ತಪ್ಪು ಬಾಬಿನ್ನಿನದಲ್ಲ, ಅಂದರೆ ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆಯದಲ್ಲ, ಮೇಲಿನ ದಾರದ್ದು. ದಾರ ಪೂರ್ತಿ ತೆಗೆಯಿರಿ. ಬಟ್ಟೆ ಒತ್ತುವ ಪಾದವನ್ನು ಮೇಲೆತ್ತಿ, ಮತ್ತೆ ಮೊದಲಿಂದ ಪೋಣಿಸಿ. ಪಾದ ಕೆಳಗಿದ್ದರೆ, ದಾರವನ್ನು ಬಿಗಿ ಹಿಡಿಯುವ ಟೆನ್ಶನ್ ಬಿಲ್ಲೆಗಳ ನಡುವೆ ಅದು ಸರಿಯಾಗಿ ಕೂಡುವುದಿಲ್ಲ. ಹೊಲಿಗೆ ಶುರು ಮಾಡುವಾಗ ಮೇಲಿನ ದಾರ, ಕೆಳಗಿನ ದಾರ ಎರಡನ್ನೂ ಹಿಂದಕ್ಕೆ ಎಳೆದು ಹಿಡಿಯಿರಿ. ಮಷಿನ್ನಿಗೆ ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ. ಅದು ಅಂಟಾಗುತ್ತದೆ.

ತೀರಿಹೋದ ಅತ್ತೆಯವರ ಮೂರು ಇಳಕಲ್ ಸೀರೆ ಇವೆ. ಮಡಿಕೆಯಲ್ಲಿ ಹರಿದಿವೆ. ಬಿಸಾಡಲು ಮನಸ್ಸು ಬರುವುದಿಲ್ಲ. ಕೌದಿ ಹೊಲಿಯೋಣವೆಂದರೆ ನನಗೆ ಏನೂ ಬರುವುದಿಲ್ಲ.
*– ಲಿಂಗಸುಗೂರಿನ ಓದುಗರು*

ಹೊಲಿಯಿರಿ ತಂಗಿ. ಕೌದಿಗೆ ಬೇಕಾದ್ದು ಒಂದೇ ಹೊಲಿಗೆ. ಸೂಜಿ ಕೆಳಗೆ, ಸೂಜಿ ಮೇಲೆ, ಅಷ್ಟೇ. ಆದರೆ ಮೊದಲನೆಯದನ್ನು ಮಂಚದಷ್ಟು ದೊಡ್ಡದು ಮಾಡಬೇಡಿ, ನಡುವೆ ಬೇಜಾರಾಗಿ ಅಟ್ಟ ಸೇರುತ್ತದೆ. 30 ಇಂಚು ಅಗಲ, 36 ಇಂಚು ಉದ್ದದ ಕೂಸಿನ ಕೌದಿ ಸಾಕು.

ಕತ್ತರಿ ಹಾಕುವ ಮೊದಲು ಬಿಳಿ ಅರಿವೆಯ ಚೂರನ್ನು ನೀರಲ್ಲಿ ಅದ್ದಿ ಸೆರಗಿನ ಮೇಲೆ, ದಡಿಯ ಮೇಲೆ ತಿಕ್ಕಿ ನೋಡಿ. ಕೆಂಪು ಹತ್ತಿದರೆ ಆ ಭಾಗವನ್ನು ಕೌದಿಗೆ ಸೇರಿಸಬೇಡಿ. ಒಂದೇ ಒಗೆತಕ್ಕೆ ಎಲ್ಲ ಬಣ್ಣ ಕೂಡಿಹೋಗುತ್ತದೆ. ಅದನ್ನು ಎಲೆ-ಅಡಿಕೆ ಚಂಚಿಗೆ ಇಟ್ಟುಕೊಳ್ಳಿ. ಬಣ್ಣ ಬಿಡದಿದ್ದರೆ ಇನ್ನೊಂದು ಮಾತು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಕೊಕ್ಕೆಗೆ ಕೊಕ್ಕೆ ಹಾಕಿದಂತೆ ಎಳೆಗಳನ್ನು ಮಗ್ಗದಲ್ಲೇ ಕೂಡಿಸಿರುತ್ತಾರೆ. ಆ ಕೂಡುವ ಗೆರೆಯ ಮೇಲೆ ಕತ್ತರಿ ಆಡಿಸಬೇಡಿ. ಅದು ಪೂರ್ತಿ ಉಳಿಯುವಂತೆ ಅಗಲವಾಗಿ ಕತ್ತರಿಸಿ, ಕೌದಿಯ ನಡುವೆ ಇಡಿ.

ಕೆಳಗೆ ಒಂದು ಪೂರ್ತಿ ತುಂಡು ಹಾಸಿ. ನಡುವೆ ಹಳೆ ಧೋತರದ ಎರಡು ಪದರ ಹಾಕಿ. ನಮ್ಮ ಕಡೆಯ ಬಿಸಿಲಿಗೆ ಅದಕ್ಕಿಂತ ಜಾಸ್ತಿ ಬೇಡ. ಮೇಲೆ ಸೀರೆಯ ತುಂಡುಗಳನ್ನು ಅಂಚು ಮಡಚಿ ಜೋಡಿಸಿ. ಮೊದಲು ನಡುವಿನಿಂದ ಹೊರಕ್ಕೆ ಗೇಣಿಗೊಂದರಂತೆ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಇಲ್ಲವೆಂದರೆ ಒಳಗಿನ ಪದರ ಸರಿದು ಮುದ್ದೆಯಾಗುತ್ತದೆ. ಆಮೇಲೆ ಅಂಚಿನಿಂದ ಶುರು ಮಾಡಿ, ಸುತ್ತ ಸುತ್ತ, ಬೆರಳಗಲ ಬಿಟ್ಟು, ನಡುವಿಗೆ ಬನ್ನಿ. ದಪ್ಪ ಹತ್ತಿ ದಾರವೇ ಇರಲಿ. ನೈಲಾನ್ ದಾರ ಹಳೆ ಬಟ್ಟೆಯನ್ನು ಕೊಯ್ಯುತ್ತದೆ.

ಸಾಲು ಸೊಟ್ಟಾದರೆ ಬಿಚ್ಚಬೇಡಿ. ನಮ್ಮವ್ವ ಎಡಗೈಯವಳು. ಆಕೆಯ ಕೌದಿಯಲ್ಲಿ ಸಾಲುಗಳೆಲ್ಲ ಎಡದಿಂದ ಬಲಕ್ಕೆ ಓಡುತ್ತವೆ. ಒಂದು ಮೂಲೆಯಲ್ಲಿ ಮಾತ್ರ ಉಲ್ಟಾ. ಅಲ್ಲಿ ನಾನು ಕೂತು ಹೊಲಿದಿದ್ದೆ, ಆಗ ನನಗೆ ಒಂಬತ್ತು ವರ್ಷ. ಅವ್ವ ಅದನ್ನು ಬಿಚ್ಚಲಿಲ್ಲ. ಆ ಮೂಲೆಯನ್ನು ನಾನು ಈಗಲೂ ಸವರಿ ನೋಡುತ್ತೇನೆ.

ಮಕ್ಕಳ ಹಳೆ ಜೀನ್ಸ್ ರಾಶಿ ಬಿದ್ದಿವೆ. ಏನಾದರೂ ಸುಲಭದ್ದು ಹೇಳಿ.
*– ಸಿರುಗುಪ್ಪದ ಓದುಗರು*

ಜೀನ್ಸ್ ಹೊಲಿಯುವ ಊರಲ್ಲಿ ಇರುವವಳಿಗೆ ಇದು ಇಷ್ಟದ ಪ್ರಶ್ನೆ. ಸಂತೆ ಚೀಲ ಮಾಡಿ. ಮೊಣಕಾಲು ಸವೆದಿರುತ್ತದೆ, ತೊಡೆಯ ಭಾಗ ಗಟ್ಟಿ ಇರುತ್ತದೆ. ಅಲ್ಲಿ 14 ಇಂಚು ಉದ್ದ ಕತ್ತರಿಸಿದರೆ ಕೊಳವೆ ಸಿಗುತ್ತದೆ. ಬದಿಯ ಹೊಲಿಗೆಗಳು ಕಾರ್ಖಾನೆಯಲ್ಲೇ ಆಗಿವೆ, ನೀವು ತಳ ಮುಚ್ಚಿದರೆ ಸಾಕು. ಎರಡು ಸಾಲು ಹಾಕಿ. ಹಿಡಿಕೆಗೆ ಬೇರೆ ಬಟ್ಟೆ ಹುಡುಕಬೇಡಿ. ಸೊಂಟದ ಪಟ್ಟಿಯನ್ನೇ ಬಿಡಿಸಿ ಎರಡು ತುಂಡು ಮಾಡಿ. ಒಂದೊಂದು ತುದಿಯನ್ನೂ ಚೀಲದ ಬಾಯಿಯೊಳಗೆ 2 ಇಂಚು ಇಳಿಸಿ, ಚೌಕವಾಗಿ ಹೊಲಿದು, ನಡುವೆ ಅಡ್ಡಡ್ಡ ಗುಣಾಕಾರದ ಗುರುತಿನಂತೆ ಹೊಲಿಯಿರಿ.

ಮಷಿನ್ನಿಗೆ 16ನೇ ನಂಬರ್ ಸೂಜಿ ಹಾಕಿ, ಬಟ್ಟೆ ತುಂಬ ದಪ್ಪ ಇದ್ದರೆ 18. ಹೊಲಿಗೆಯ ಮೇಲೆ ಹೊಲಿಗೆ ಬರುವ ಜಾಗವನ್ನು ಮೊದಲು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ. ಅಲ್ಲಿ ಪೆಡಲ್ ತುಳಿಯದೆ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಅವಸರ ಮಾಡಿದರೆ ಸೂಜಿ ಮುರಿದು ಚೂರು ಕಣ್ಣಿಗೆ ಹಾರಬಹುದು.

ಒಳಗೆ ಅಸ್ತರ್ ಹಾಕುವುದಾದರೆ ಹಳೆ ಲುಂಗಿಯೇ ಒಳ್ಳೆಯದು. ನಾನೊಮ್ಮೆ ಅಂಗಡಿಯಿಂದ ತಂದ ಹೊಸ ಕಾಟನ್ನನ್ನು ನೆನೆಸದೆ ಹಾಕಿಬಿಟ್ಟೆ. ಮೊದಲ ಒಗೆತಕ್ಕೆ ಅಸ್ತರ್ ಕುಗ್ಗಿ, ಚೀಲದ ಬಾಯಿ ಪೂರ್ತಿ ಸುಕ್ಕಾಯಿತು. ಎರಡು ದಿನದ ಕೆಲಸ ಬಿಚ್ಚಬೇಕಾಯಿತು. ಹೊಸ ಬಟ್ಟೆಯೇ ಬೇಕೆಂದರೆ ರಾತ್ರಿ ನೀರಲ್ಲಿ ಬಿಟ್ಟು, ಬೆಳಗ್ಗೆ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಅಳತೆ ಹಿಡಿಯಿರಿ.