ಬೆಣ್ಣೆಹಣ್ಣಿನ ಗಿಡ ಬಾಡುತ್ತಿರುವುದಕ್ಕೆ

ದಿನಾ ನೀರು ಹಾಕಿದರೂ ಡ್ರಮ್ಮಿನಲ್ಲಿರುವ ಬೆಣ್ಣೆಹಣ್ಣಿನ ಗಿಡ ಬಾಡುತ್ತಿದೆ, ಎಲೆ ತುದಿ ಕಂದಾಗಿದೆ, ಇನ್ನಷ್ಟು ಗೊಬ್ಬರ ಹಾಕಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ನನ್ನ ಅನುಮಾನ ಆ ದಿನದ ನೀರಿನ ಮೇಲೇ. ಇದರ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಅದಕ್ಕೆ ಗಾಳಿ ಬೇಕು. ನೀವು ಹಾಕಿರುವುದು ಬರೀ ಕೆಂಪು ಮಣ್ಣು, ಸಗಣಿ ಗೊಬ್ಬರ. ಡ್ರಮ್ಮಿನಲ್ಲಿ ಅದು ಬರಬರುತ್ತಾ ಇಟ್ಟಿಗೆ ಥರ ಗಟ್ಟಿಯಾಗುತ್ತದೆ. ನೀರು ನಿಂತರೆ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು ತಗುಲಿ ಬೇರು ಕೊಳೆಯುತ್ತದೆ. ಮೇಲೆ ಸ್ವಲ್ಪ ಕೆದಕಿ ನೋಡಿ. ಸಣ್ಣ ಬೇರು ಬೆಳ್ಳಗಿದ್ದರೆ ಸರಿ. ಕಪ್ಪಾಗಿ, ಮುಟ್ಟಿದರೆ ಮುರಿಯುವಂತಿದ್ದರೆ ಅದೇ ರೋಗ.

ನಾನು ಎರಡು ಕುಂಡ ಇಟ್ಟು ನೋಡಿದ್ದೆ. ಒಂದರಲ್ಲಿ ನಿಮ್ಮದೇ ಮಿಶ್ರಣ. ಇನ್ನೊಂದರಲ್ಲಿ 2 ಪಾಲು ಕೆಂಪು ಮಣ್ಣು, ದಪ್ಪ ಮರಳು, ಸುಟ್ಟ ಭತ್ತದ ಹೊಟ್ಟು, ಎರೆಗೊಬ್ಬರ ತಲಾ 1 ಪಾಲು. ಮೊದಲನೆಯದಕ್ಕೆ ಸುರಿದ ಒಂದು ಚೊಂಬು ನೀರು 10 ನಿಮಿಷ ಆದರೂ ಕೆರೆಯಂತೆ ನಿಂತಿತ್ತು. ಎರಡನೆಯದರಲ್ಲಿ ಸುರಿಯುತ್ತಿದ್ದಂತೆಯೇ ಇಳಿಯಿತು. ಗಿಡ ಉಳಿದದ್ದೂ ಅದರಲ್ಲೇ.

ಎಲೆ ತುದಿ ಸುಡಲು ಬೋರ್‌ವೆಲ್ ನೀರಿನ ಉಪ್ಪೂ ಕಾರಣ ಇರಬಹುದು. ಮಳೆ ನೀರು ಹಿಡಿದಿಟ್ಟು ಹಾಕಿ. ಅಂದ ಹಾಗೆ, ನಿಮ್ಮದು ಬೀಜದ ಗಿಡ ಅಲ್ವಾ? ಹಾಗಾದರೆ ಕಾಯಿ ಕಾಣಲು 8-10 ವರ್ಷವೂ ಹಿಡಿಯಬಹುದು. ಕಸಿ ಗಿಡವಾದರೆ ಸುಮಾರು 3-4 ವರ್ಷ ಸಾಕು.