ಬಂಪರಿಗೆ ಹಗ್ಗ ಕಟ್ಟಬಹುದಾ?

ಪ್ರಶ್ನೆ: ಸಾರ್, ನಮ್ಮದು ಭಾಗಮಂಡಲ ಹತ್ರ, ಮಳೆಗಾಲದಲ್ಲಿ ತೋಟದ ರಸ್ತೇಲಿ ಕಾರು ಹೂತ್ಕೊಳ್ಳುತ್ತೆ. ಬಂಪರಿಗೆ ಹಗ್ಗ ಕಟ್ಟಿ ಪಕ್ಕದ ಮನೆಯವರ ಟ್ರ್ಯಾಕ್ಟರಲ್ಲಿ ಎಳೆಸಬಹುದಾ?

ಉತ್ತರ: ಟ್ರ್ಯಾಕ್ಟರ್ ಓಕೆ, ಆದ್ರೆ ಬಂಪರಿಗೆ ಮಾತ್ರ ಕಟ್ಲೇಬೇಡಿ, ಕಿತ್ಕೊಂಡು ಬರುತ್ತೆ. ಹೆಚ್ಚಿನ ಕಾರಲ್ಲಿ ಜಾಕ್ ಜೊತೆ ಒಂದು ಕಬ್ಬಿಣದ ಕೊಕ್ಕೆ ಕೊಟ್ಟಿರ್ತಾರೆ, ಬಂಪರಲ್ಲಿರೋ ಸಣ್ಣ ಮುಚ್ಚಳ ತೆಗೆದು ಒಳಗಿನ ತೂತಿಗೆ ಆ ಕೊಕ್ಕೆನ ಕೊನೇವರೆಗೂ ತಿರುಗಿಸಿ ಕೂರಿಸಿ, ಬಲಕ್ಕೆ ತಿರುಗದಿದ್ರೆ ಎಡಕ್ಕೆ ನೋಡಿ, ಎಷ್ಟೋ ಕಾರಲ್ಲಿ ಥ್ರೆಡ್ ಉಲ್ಟಾ ಇರುತ್ತೆ. ಹಗ್ಗ ಆ ಕೊಕ್ಕೆಗೇ ಕಟ್ಟಿ. ಮೊದ್ಲು ಚಕ್ರದ ಮುಂದಿನ ಕೆಸರು ಗುದ್ದಲೀಲಿ ಬಿಡಿಸಿ, ಅರ್ಧ ಕೆಲಸ ಅಲ್ಲೇ ಆಗುತ್ತೆ.

ಇನ್ನೊಂದು ವಿಷ್ಯ, ದಯವಿಟ್ಟು ಟ್ರ್ಯಾಕ್ಟರ್ ಓಡ್ಸೋರಿಗೂ ಹೇಳಿ: ಹಗ್ಗ ಹಿಂದೆ ಕೆಳಗಿರೋ ಡ್ರಾಬಾರಿಗೇ (ಟ್ರೇಲರ್ ಸಿಕ್ಕಿಸೋ ಕಬ್ಬಿಣದ ಪಟ್ಟಿ) ಕಟ್ಟಬೇಕು, ಆಕ್ಸಲ್‌ಗಿಂತ ಮೇಲೆ ಕಟ್ಟಿದ್ರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರೇ ಹಿಂದಕ್ಕೆ ಮಗುಚಬಹುದು, ಕ್ಷಣದಲ್ಲಿ ಜೀವ ಹೋಗುತ್ತೆ. ಲೋ ಗೇರಲ್ಲಿ ನಿಧಾನಕ್ಕೆ ಹಗ್ಗ ಬಿಗಿ ಮಾಡ್ಕೊಂಡು ಎಳೀಲಿ, ಜರ್ಕ್ ಬೇಡ. ಹಗ್ಗ ತುಂಡಾದ್ರೆ ಚಾಟಿ ಥರ ಬಡಿಯುತ್ತೆ, ಮಕ್ಕಳು, ನೋಡೋಕೆ ಬಂದೋರು ಎಲ್ಲರನ್ನೂ ದೂರ ಕಳಿಸಿ. ಕಾರಿನ ಇಂಜಿನ್ ಆನ್ ಇರಲಿ, ಇಲ್ಲಾಂದ್ರೆ ಬ್ರೇಕೂ ಸ್ಟೇರಿಂಗೂ ಗಟ್ಟಿಯಾಗುತ್ತೆ.