ಐದು ನೋಟ್‌ಬುಕ್ ತುಂಬಿದ ಮೇಲೆ ಏನು?

ಪುಸ್ತಕ ಬರೆಯಬೇಕು ಅನ್ನುವ ಹೆಣ್ಣುಮಕ್ಕಳಿಂದ ಬರುವ ಕಾಗದಗಳಲ್ಲಿ ಅರ್ಧಕ್ಕರ್ಧ ಶುರುವಾಗುವುದೇ ‘ನನ್ನ ಜೀವನವೇ ಒಂದು ಕಾದಂಬರಿ’ ಅನ್ನುವ ಸಾಲಿನಿಂದ. ಅಲ್ಲ. ಯಾರ ಜೀವನವೂ ಕಾದಂಬರಿಯಲ್ಲ, ಆತ್ಮಕಥೆಯೂ ಅಲ್ಲ. ಅದನ್ನು ಹಾಗೆ ಮಾಡಲು ಎರಡು ಮೂರು ವರ್ಷದ ಕೆಲಸ ಬೇಕು. ಆ ಕೆಲಸದ ಬಗ್ಗೆ ಕೇಳುವವರು ಕಡಿಮೆ, ಬಿಡುಗಡೆ ಸಮಾರಂಭದ ಬಗ್ಗೆ ಕೇಳುವವರು ಜಾಸ್ತಿ. ಕೆಲಸದ ಬಗ್ಗೆಯೇ ಕೇಳಿದ ಒಂದು ಕಾಗದ ಈ ಸಲ ಬಂದಿದೆ. ಹೆಚ್ಚಿನ ಜಾಗ ಅದಕ್ಕೆ.

ಪ್ರಶ್ನೆ: ನನಗೆ 54 ವರ್ಷ, ಪಾಂಡವಪುರ ತಾಲ್ಲೂಕು. ಯಜಮಾನರು ತೀರಿಕೊಂಡ ಮೇಲೆ ಹನ್ನೊಂದು ವರ್ಷ ಆಲೆಮನೆ ನಾನೇ ನಡೆಸಿದೆ. ಸಾಲ, ಮೈದುನರ ಜೊತೆ ಜಮೀನಿನ ವ್ಯಾಜ್ಯ, ಇಬ್ಬರು ಹೆಣ್ಣುಮಕ್ಕಳ ಓದು, ಎಲ್ಲಾ ಬರೆದಿದ್ದೀನಿ. ಐದು ನೋಟ್‌ಬುಕ್ ಆಗಿದೆ. ಓದಿದವರೆಲ್ಲ ಕಣ್ಣೀರು ಹಾಕ್ತಾರೆ. ಪುಸ್ತಕ ಮಾಡೋದು ಹೇಗೆ? ಹತ್ತು ಪುಟ ಜೆರಾಕ್ಸ್ ಕಳಿಸಿದ್ದೀನಿ.

ಉತ್ತರ: ಓದಿದವರು ನಿಮ್ಮ ನೆಂಟರು, ಸ್ನೇಹಿತೆಯರು. ಅವರು ಅಳುವುದು ನಿಮ್ಮನ್ನು ಬಲ್ಲದ್ದರಿಂದ. ನಿಮ್ಮನ್ನು ಅರಿಯದವರು ಪುಟ ತಿರುಗಿಸುತ್ತಾರೋ ಇಲ್ಲವೋ ಅನ್ನುವುದೇ ಪ್ರಶ್ನೆ.

ನಿಮ್ಮ ಹತ್ತು ಪುಟದಲ್ಲಿ ‘ಹೇಳತೀರದ ಕಷ್ಟ’ ನಾಲ್ಕು ಸಲ ಬಂದಿದೆ. ಹೇಳತೀರದಿದ್ದರೆ ಪುಸ್ತಕ ಯಾಕೆ? ಆರನೇ ಪುಟದಲ್ಲಿ ಇನ್ನೊಂದು ಸಾಲಿದೆ: ಪಾಕ ತಣ್ಣೀರಿಗೆ ಬಿಟ್ಟು ನೋಡಿದಾಗ ಉಂಡೆ ಕಟ್ಟಿತೋ ಇಲ್ಲವೋ ತಿಳಿಯದೆ ಒಂದು ಕೊಪ್ಪರಿಗೆ ಪೂರ್ತಿ ಸೀದುಹೋಯಿತು, ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ಮಾತಾಡಲಿಲ್ಲ. ನಿಮ್ಮ ಪುಸ್ತಕ ಇರುವುದು ಅಲ್ಲಿ. ಅದನ್ನು ಎರಡೇ ಸಾಲಿಗೆ ಮುಗಿಸಿ ಮತ್ತೆ ಹಣೆಬರಹಕ್ಕೆ ಹೋಗಿದ್ದೀರಿ. ಹೆಂಗಸರು ಬರೆದ ಅನುಭವಕಥನಗಳಲ್ಲಿ ಅತಿ ಹೆಚ್ಚು ಹಾಳಾಗುವ ಜಾಗ ಇದೇ. ತಾವು ಮಾಡಿದ ಕೆಲಸ ಬರೆಯಲು ಯೋಗ್ಯವಲ್ಲ, ಪಟ್ಟ ದುಃಖ ಮಾತ್ರ ಯೋಗ್ಯ ಅಂದುಕೊಂಡುಬಿಡುತ್ತಾರೆ. ದುಃಖ ಎಲ್ಲರ ಮನೆಯದೂ ಹೆಚ್ಚುಕಡಿಮೆ ಒಂದೇ ಥರ ಓದಿಸಿಕೊಳ್ಳುತ್ತದೆ. ಎಷ್ಟು ಟನ್ ಕಬ್ಬಿಗೆ ಎಷ್ಟು ಬೆಲ್ಲ ಬಂತು, ಸುಣ್ಣ ಹೆಚ್ಚಾದರೆ ಬಣ್ಣ ಏನಾಯಿತು, ಮಂಡ್ಯದ ಮಾರುಕಟ್ಟೆಯಲ್ಲಿ ಹೆಂಗಸಿನ ಜೊತೆ ದಲ್ಲಾಳಿ ರೇಟು ಮಾತಾಡುವುದು ಹೇಗೆ, ಇವು ನಿಮಗೆ ಮಾತ್ರ ಗೊತ್ತು.

ಈಗ ಕೆಲಸಕ್ಕೆ ಬನ್ನಿ. ನೋಟ್‌ಬುಕ್ಕುಗಳನ್ನು ಮುಚ್ಚಿಡಿ. ಮೊದಲು ಮನೆಯ ಕಾಗದಪತ್ರ ತೆಗೆಯಿರಿ: ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್, ಕರೆಂಟ್ ಬಿಲ್ಲು, ಮಕ್ಕಳ ಅಂಕಪಟ್ಟಿ, ಆಸ್ಪತ್ರೆ ಚೀಟಿ, ಲಗ್ನಪತ್ರಿಕೆ, ದಲ್ಲಾಳಿ ಅಂಗಡಿಯ ಪಟ್ಟಿ. ಒಂದು ದೊಡ್ಡ ಹಾಳೆಯಲ್ಲಿ ವರ್ಷವಾರು ಮನೆ ಹಾಕಿ ಇವನ್ನೆಲ್ಲ ತುಂಬಿ. ನೆನಪು ಎರಡು ಬರಗಾಲವನ್ನು ಒಂದು ಮಾಡುತ್ತದೆ, ಮಗಳ ಎಸ್‌ಎಸ್‌ಎಲ್‌ಸಿ ವರ್ಷವನ್ನು ಸಾಲದ ನೋಟಿಸಿನ ವರ್ಷಕ್ಕೆ ಜೋಡಿಸುತ್ತದೆ. ಕಾಗದ ಹಾಗೆ ಮಾಡುವುದಿಲ್ಲ. ಈ ಹಾಳೆ ಇಲ್ಲದೆ ಬರೆದವರ ಹಸ್ತಪ್ರತಿಯಲ್ಲಿ ಮೂರನೇ ಅಧ್ಯಾಯದ ಹೊತ್ತಿಗೆ ಮಕ್ಕಳ ವಯಸ್ಸು ಹಿಂದೆ ಮುಂದೆ ಆಗಿರುತ್ತದೆ. ಓದುವವರು ಅದನ್ನು ಕಂಡುಹಿಡಿದರೆ ಉಳಿದದ್ದನ್ನೂ ನಂಬುವುದಿಲ್ಲ.

ಆಮೇಲೆ ಕತ್ತರಿಸಿ. ಹುಟ್ಟಿದ್ದು, ತಾತನ ಕಾಲದ ವೈಭವ, ಬಾಲ್ಯದ ಹಬ್ಬ, ಎಲ್ಲ ತೆಗೆಯಿರಿ. ನಿಮ್ಮ ಪುಸ್ತಕ ಆ ಹನ್ನೊಂದು ವರ್ಷ. ಯಜಮಾನರು ಹೋದ ಮೇಲೆ ಮೊದಲ ಸಲ ಗಾಣ ತಿರುಗಿದ ದಿನದಿಂದ ಆಲೆಮನೆ ನಿಂತ ದಿನದವರೆಗೆ. ಅದಕ್ಕೆ ಮುಂಚಿನದು ಬೇಕೇಬೇಕು ಅನ್ನಿಸಿದಲ್ಲಿ ಅರ್ಧ ಪುಟ ಒಳಗೆ ಸೇರಿಸಿ. ಜಮೀನು, ಆಲೆಮನೆ, ಮಕ್ಕಳ ಓದು, ಈ ಮೂರೂ ಎಳೆ ಇರಲಿ, ಆದರೆ ಪುಸ್ತಕ ನಡೆಸುವುದು ಒಂದೇ. ಆಲೆಮನೆಯನ್ನೇ ಹಿಡಿಯಿರಿ.

ಉದ್ದದ ಲೆಕ್ಕ. ಡೆಮಿ 1/8 ಅಳತೆಯ ಪುಸ್ತಕದ ಪುಟಕ್ಕೆ ಕನ್ನಡದಲ್ಲಿ ಸುಮಾರು 220 ಪದ ಹಿಡಿಯುತ್ತದೆ. 40,000 ಪದ ಅಂದರೆ 182 ಪುಟ. ಶೀರ್ಷಿಕೆ, ಪರಿವಿಡಿ ಇತ್ಯಾದಿ ಹತ್ತು ಸೇರಿ 192, ಅಂದರೆ 12 ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ 16 ಪುಟದ ಕಟ್ಟೇ ಒಂದು ಫಾರಂ). ಮುದ್ರಣ ನಡೆಯುವುದು ಫಾರಂ ಲೆಕ್ಕದಲ್ಲಿ. 195 ಪುಟ ಮಾಡಿದರೆ ಆ ಮೂರು ಪುಟಕ್ಕೆ ಇನ್ನೊಂದು ಫಾರಂ, ಕಡಿಮೆ ಅಂದರೆ ಅರ್ಧ ಫಾರಂ ಏರುತ್ತದೆ, ಉಳಿದ ಪುಟ ಖಾಲಿ ಬೀಳುತ್ತವೆ. ಅಧ್ಯಾಯಕ್ಕೆ 2,000ದಿಂದ 2,500 ಪದ ಇಟ್ಟುಕೊಂಡರೆ ಹದಿನಾರರಿಂದ ಇಪ್ಪತ್ತು ಅಧ್ಯಾಯ. ಮೊದಲ ಪುಸ್ತಕಕ್ಕೆ ಇದಕ್ಕಿಂತ ಹೆಚ್ಚು ಬೇಡ.

ಭಾಷೆ. ನಿಮ್ಮ ಕಾಗದದ ಕನ್ನಡ ಚೆನ್ನಾಗಿದೆ, ಹಸ್ತಪ್ರತಿಯ ಕನ್ನಡ ಚೆನ್ನಾಗಿಲ್ಲ. ‘ಬಾಳಪಯಣ’, ‘ಕಾರ್ಮೋಡ’, ‘ಆಶಾಕಿರಣ’ ಇವು ನಿಮ್ಮ ಬಾಯಿಗೆ ಬರುವ ಮಾತೇ ಅಲ್ಲ, ಎಲ್ಲೋ ಭಾಷಣದಲ್ಲಿ ಕೇಳಿದ್ದು. ನಿರೂಪಣೆ ಸರಳ ಬರವಣಿಗೆಯಲ್ಲಿರಲಿ, ಜನ ಆಡುವ ಮಾತು ಮಂಡ್ಯದ ಮಾತಾಗಿರಲಿ. ಆಳು ‘ನಾಳೆ ಬರುವುದಿಲ್ಲ ತಾಯಿ’ ಅನ್ನಲಿಲ್ಲ, ‘ನಾಳಿಕ್ ಬರಾಕಿಲ್ಲ ಕಣವ್ವ’ ಅಂದ. ಆದರೆ ಒಂದು ಕಡೆ ‘ಬರಾಕಿಲ್ಲ’, ಇನ್ನೊಂದು ಕಡೆ ‘ಬರಕ್ಕಿಲ್ಲ’ ಆಗಬಾರದು. ಇಂಥ ಮಾತುಗಳನ್ನು ಯಾವ ಕಾಗುಣಿತದಲ್ಲಿ ಬರೆಯುತ್ತೀರೋ ಒಂದು ಹಾಳೆಯಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಪ್ರೂಫ್ ನೋಡುವವರಿಗೂ ಆ ಹಾಳೆ ಕೊಡಿ, ಇಲ್ಲದಿದ್ದರೆ ಅವರು ಎಲ್ಲವನ್ನೂ ಪಠ್ಯಪುಸ್ತಕದ ಕನ್ನಡಕ್ಕೆ ‘ತಿದ್ದಿ’ಬಿಡುತ್ತಾರೆ. ಫೋನಿಗೆ ಮಾತಾಡಿ ಬರೆಸಿಕೊಳ್ಳುವುದಾದರೆ ನೆನಪು ಒಟ್ಟುಮಾಡಲು ಮಾತ್ರ. ನಮ್ಮ ಕಡೆ ‘ಹಳ್ಳಿ’ ಅನ್ನುವುದು ‘ಅಳ್ಳಿ’ಯೇ ಆಗುತ್ತದೆ, ಫೋನಿಗೆ ಅದು ತಿಳಿಯುವುದಿಲ್ಲ, ಏನೇನೋ ಬರೆದಿಡುತ್ತದೆ.

ಕರಡು ಮುಗಿದ ಮೇಲೆ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ಕೈಯಲ್ಲಿ ಕೆಂಪು ಪೆನ್ನಿರಲಿ. ‘ವಿಧಿ’, ‘ಕಣ್ಣೀರು’, ‘ಅತ್ಯಂತ’, ‘ಹೇಳತೀರದ’ ಬಂದ ಕಡೆಯೆಲ್ಲ ಗೆರೆ ಎಳೆದು, ಆ ದಿನ ನಡೆದದ್ದೇನು ಅನ್ನುವುದನ್ನು ಅಲ್ಲಿ ಬರೆಯಿರಿ. ಅಧ್ಯಾಯದ ಕೊನೆಯ ಪ್ಯಾರಾ ಮುಚ್ಚಿಟ್ಟು ನೋಡಿ. ಹತ್ತಕ್ಕೆ ಎಂಟು ಸಲ ಅದು ಉಪದೇಶವಾಗಿರುತ್ತದೆ, ಕಿತ್ತರೆ ಅಧ್ಯಾಯಕ್ಕೆ ಒಳ್ಳೆಯದೇ. ಆಮೇಲೆ ಇಬ್ಬರಿಗೆ ಕೊಡಿ: ಆಲೆಮನೆ ಕೆಲಸ ಬಲ್ಲವರೊಬ್ಬರು, ಆಲೆಮನೆ ನೋಡೇ ಇಲ್ಲದವರೊಬ್ಬರು. ಮೊದಲನೆಯವರು ತಪ್ಪು ಹಿಡಿಯುತ್ತಾರೆ, ಎರಡನೆಯವರು ಅರ್ಥವಾಗದ್ದನ್ನು ಹೇಳುತ್ತಾರೆ. ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅಲ್ಲಿ ಸಿಗುವುದು ಕೈಮುಗಿಯುವ ಚಿಹ್ನೆ ಮಾತ್ರ.

ಇನ್ನು ಮೈದುನರ ವಿಷಯ. ಹೆಸರು ಬದಲಿಸಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ಆತ್ಮಕಥೆಯಲ್ಲಿ ‘ನನ್ನ ದೊಡ್ಡ ಮೈದುನ’ ಅಂದ ಕೂಡಲೇ ಊರಿಗೆಲ್ಲ ಗೊತ್ತು. ಗುರುತು ಸಿಕ್ಕರೆ ಸಾಕು, ಹೆಸರಿಲ್ಲದಿದ್ದರೂ ಮಾನನಷ್ಟದ ದೂರು ನಿಲ್ಲುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಸಾದಾ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ, ಇಲ್ಲವೇ ಸಮುದಾಯ ಸೇವೆ. ‘ಬರೆದದ್ದು ಸತ್ಯ’ ಅಂದರೆ ಅಷ್ಟಕ್ಕೇ ಪಾರಾಗುವುದಿಲ್ಲ, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಬೇಕಿತ್ತು ಅಂತಲೂ ತೋರಿಸಬೇಕು. ಸತ್ತವರ ಬಗ್ಗೆ ಏನು ಬೇಕಾದರೂ ಬರೆಯಬಹುದು ಅನ್ನುವುದೂ ಸುಳ್ಳು, ಮನೆಯವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ ಅದಕ್ಕೂ ಇದೇ ಕಲಂ. ಆದ್ದರಿಂದ ನಿಮ್ಮ ಕಣ್ಣೆದುರು ನಡೆದದ್ದು, ನಿಮ್ಮ ಕಿವಿಗೆ ಬಿದ್ದ ಮಾತು, ತಾರೀಕು, ಇಷ್ಟು ಬರೆಯಿರಿ. ‘ದುರಾಸೆಯಿಂದ ಮಾಡಿದ’, ‘ಊರವರು ಹೇಳ್ತಾರೆ’ ಇವನ್ನು ಬಿಡಿ. ಬರವಣಿಗೆಗೂ ಅದೇ ಒಳ್ಳೆಯದು: ಅವನು ಬೇಲಿಯ ಕಲ್ಲು ಕಿತ್ತು ಎಲ್ಲಿ ನೆಟ್ಟ ಅಂತ ಬರೆದರೆ ದುರಾಸೆ ಓದುವವರಿಗೇ ಕಾಣುತ್ತದೆ.

ಆ ವ್ಯಾಜ್ಯ ಇನ್ನೂ ನಡೆಯುತ್ತಿದ್ದರೆ, ವಕೀಲರು ನೋಡದೆ ಒಂದು ಸಾಲನ್ನೂ ಅಚ್ಚಿಗೆ ಕೊಡಬೇಡಿ. ನಿಮ್ಮ ಪುಸ್ತಕದ ಮಾತನ್ನೇ ನೀವೇ ಒಪ್ಪಿಕೊಂಡದ್ದು ಅಂತ ಎದುರು ಕಡೆಯವರು ಕೋರ್ಟಿಗೆ ಹಾಜರುಪಡಿಸುತ್ತಾರೆ. ಯಜಮಾನರ ತಮ್ಮ ನಿಮಗೆ ಬರೆದ ಪತ್ರ ನಿಮ್ಮ ಪೆಟ್ಟಿಗೆಯಲ್ಲಿದ್ದರೂ ಅದರ ಕೃತಿಸ್ವಾಮ್ಯ ಬರೆದವರದು, ಪೂರ್ತಿ ಅಚ್ಚುಹಾಕುವ ಹಕ್ಕು ನಿಮಗಿಲ್ಲ. ಇಷ್ಟೆಲ್ಲ ಭಯವಾದರೆ ಕಾದಂಬರಿ ಮಾಡಿ. ಎಂ.ಕೆ. ಇಂದಿರಾ ‘ಫಣಿಯಮ್ಮ’ ಬರೆದದ್ದು ತಮ್ಮ ಮನೆತನದ ಹಿರಿಯ ಹೆಂಗಸಿನ ಬದುಕನ್ನು ಇಟ್ಟುಕೊಂಡೇ. ಆದರೆ ಕಾದಂಬರಿ ಅಂದರೆ ಊರು, ಸಂಬಂಧ, ಕಸುಬು ಮೂರರಲ್ಲಿ ಎರಡನ್ನಾದರೂ ನಿಜವಾಗಿ ಬದಲಿಸಬೇಕು. ರಕ್ಷಾಪುಟದ ಮೇಲೆ ‘ಕಾದಂಬರಿ’ ಅಂತ ಅಚ್ಚುಹಾಕಿಸಿದ ಮಾತ್ರಕ್ಕೆ ಆಗುವುದಿಲ್ಲ.

ಪ್ರಶ್ನೆ: ಓದು ಕಮ್ಮಿ, ವಯಸ್ಸು ಐವತ್ತು ದಾಟಿದೆ, ಮನೆಯಲ್ಲಿ ನಗುತ್ತಾರೆ. ಬರೆಯಬಹುದಾ? (ಮೈಸೂರಿನಿಂದ ಹಲವರು)

ಉತ್ತರ: ನಿಮ್ಮ ಪಕ್ಕದ ನಂಜನಗೂಡಿನ ತಿರುಮಲಾಂಬ ಹದಿನಾಲ್ಕಕ್ಕೆ ವಿಧವೆಯಾದವರು. 1910ರ ದಶಕದಲ್ಲೇ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿ ತಮ್ಮ ಪುಸ್ತಕ ತಾವೇ ಪ್ರಕಟಿಸಿದರು, ಪತ್ರಿಕೆಯನ್ನೂ ನಡೆಸಿದರು. ಇಂದಿರಾ ಅವರ ಮೊದಲ ಕಾದಂಬರಿ ಬಂದಾಗ ಅವರಿಗೆ 45 ದಾಟಿತ್ತು. ಈ ಪ್ರಶ್ನೆಯನ್ನು ಮತ್ತೆ ಕಳಿಸಬೇಡಿ.

ಪ್ರಶ್ನೆ: ಒಬ್ಬ ಪ್ರಕಾಶಕರು ಅರವತ್ತು ಸಾವಿರ ಕೇಳಿದ್ದಾರೆ. ಐಎಸ್‌ಬಿಎನ್, ಲೈಬ್ರರಿ ಖರೀದಿ, ಒಂದು ಪ್ರಶಸ್ತಿ, ಎಲ್ಲಾ ಸೇರಿ ಅಂತೆ. ಕೊಡಲಾ?

ಉತ್ತರ: ಪ್ರಶಸ್ತಿಯ ಮಾತೆತ್ತಿದ ಕ್ಷಣವೇ ಎದ್ದು ಬರಬೇಕಿತ್ತು. ಐಎಸ್‌ಬಿಎನ್‌ಗೆ ಕಾಸು ಕೇಳುವವರು ಮೋಸಗಾರರು. ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರಿ ಸಂಸ್ಥೆ ಅದನ್ನು ಆನ್‌ಲೈನ್ ಅರ್ಜಿಯ ಮೇಲೆ ಪುಕ್ಕಟೆ ಕೊಡುತ್ತದೆ, ಲೇಖಕಿ ಸ್ವಂತ ಹೆಸರಲ್ಲೇ ಪಡೆಯಬಹುದು. ಅದು 13 ಅಂಕಿಯ ಗುರುತು ಸಂಖ್ಯೆ ಅಷ್ಟೇ, ಗುಣಮಟ್ಟದ ಮುದ್ರೆಯಲ್ಲ. ಗ್ರಂಥಾಲಯ ಖರೀದಿ ಆಯ್ಕೆ ಸಮಿತಿಯ ಕೈಯಲ್ಲಿದೆ, ಅದನ್ನು ಮುಂಚೆಯೇ ಮಾರಲು ಇವರು ಯಾರು?

ನಿಮ್ಮ ದುಡ್ಡಲ್ಲೇ ಮಾಡಿಸುವುದಾದರೆ ಮುದ್ರಣಾಲಯಕ್ಕೆ ನೇರವಾಗಿ ಹೋಗಿ. ಕೊಟೇಶನ್‌ನಲ್ಲಿ ಇವಿಷ್ಟು ಬರೆಸಿಕೊಳ್ಳಿ: ಎಷ್ಟು ಫಾರಂ, ಒಳಪುಟ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋ ಕಾಗದ, ರಕ್ಷಾಪುಟ 300 ಜಿಎಸ್‌ಎಂ ಆರ್ಟ್ ಕಾರ್ಡ್ ಲ್ಯಾಮಿನೇಶನ್ ಸಮೇತ, ಎಷ್ಟು ಪ್ರತಿ, ಎಷ್ಟು ಸಲ ಪ್ರೂಫ್. ಪ್ಲೇಟ್ ಮಾಡಿ ಅಚ್ಚುಹಾಕುವ ಆಫ್‌ಸೆಟ್‌ನಲ್ಲಿ ಆ ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಅದಕ್ಕೇ ‘ಸಾವಿರ ಹಾಕಿಸಿಬಿಡಿ, ಪ್ರತಿಗೆ ಅಗ್ಗ ಬೀಳುತ್ತೆ’ ಅನ್ನುತ್ತಾರೆ. ಮಾರದ ಎಂಟುನೂರು ಪ್ರತಿ ನಿಮ್ಮ ಅಟ್ಟದ ಮೇಲಿರುತ್ತವೆ, ಅವರ ಅಟ್ಟದ ಮೇಲಲ್ಲ. ಮೊದಲು ಪ್ಲೇಟ್ ಬೇಕಿಲ್ಲದ ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿ ಮಾಡಿಸಿ. ಬೆಲೆ ಇಡುವಾಗ ಅಂಗಡಿಯವರಿಗೆ ಸಾಮಾನ್ಯವಾಗಿ 30ರಿಂದ 40 ಪರ್ಸೆಂಟ್ ಬಿಡಬೇಕಾಗುತ್ತದೆ ಅನ್ನುವುದು ನೆನಪಿರಲಿ.

ಪ್ರಕಾಶಕರೇ ಖರ್ಚು ಹಾಕುವುದಾದರೂ ಒಪ್ಪಂದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಹಕ್ಕು ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಕಾನೂನಿನ ಪ್ರಕಾರ ಐದು ವರ್ಷ. ‘ಶಾಶ್ವತವಾಗಿ’ ಅಂತ ಬರೆದಿದ್ದರೆ ಹೊಡೆದುಹಾಕಿಸಿ.

ಪ್ರಶ್ನೆ: ಹಸ್ತಪ್ರತಿಯನ್ನು ನನಗೇ ಅಂಚೆಯಲ್ಲಿ ಕಳಿಸಿಕೊಂಡು ಒಡೆಯದೆ ಇಟ್ಟರೆ ಕೃತಿಸ್ವಾಮ್ಯ ಸಿಗುತ್ತಂತೆ?

ಉತ್ತರ: ಬರೆದ ಗಳಿಗೆಯಲ್ಲೇ ಸಿಕ್ಕಾಗಿದೆ, ನಿಮ್ಮ ಆಯಸ್ಸು ಮತ್ತು ಆಮೇಲೆ 60 ವರ್ಷ. ಅಂಚೆ ಖರ್ಚು ಉಳಿಸಿ.

ಪ್ರಶ್ನೆ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೆ, ಮಗನ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ ಚೆಲ್ಲಾಡಿದೆ. ವೈರಸ್ಸಾ?

ಉತ್ತರ: ಅಲ್ಲ. ಹಳೆಯ ಫಾಂಟಿನಲ್ಲಿ ಟೈಪಾಗಿದೆ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಪರಿವರ್ತಿಸಲು ಹೇಳಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿ, ಉದ್ಧರಣ ಚಿಹ್ನೆ ಇವನ್ನು ಒಂದೊಂದಾಗಿ ನೋಡಲೇಬೇಕು. ಕೆಡುವುದು ಅಲ್ಲೇ.

ಪ್ರಶ್ನೆ: ಬರೆದರೆ ಮನಸ್ಸಿನ ಗಾಯ ವಾಸಿಯಾಗುತ್ತೆ ಅಂತ ಒಂದು ಶಿಬಿರದಲ್ಲಿ ಹೇಳಿದರು. ಬರೆಯಲು ಕೂತರೆ ನಿದ್ದೆ ಹೋಗುತ್ತಿದೆ.

ಉತ್ತರ: ನಿಲ್ಲಿಸಿ. ಎರಡು ದಿನದ ಶಿಬಿರ ನಡೆಸುವವರು ವೈದ್ಯರಲ್ಲ, ಅವರು ಕೊಟ್ಟ ಭರವಸೆಗೆ ಅವರು ಹೊಣೆಯಾಗುವುದೂ ಇಲ್ಲ. ಮನೋವೈದ್ಯರನ್ನು ನೋಡಿ. ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ 14416 ಇದೆ, ಕರೆಗೆ ದುಡ್ಡಿಲ್ಲ. ಮತ್ತೆ ಶುರುಮಾಡುವಾಗ ಆ ಘಟನೆಯಿಂದ ಬೇಡ. ಅದಕ್ಕೆ ಮುಂಚಿನ ವರ್ಷ, ಆಮೇಲಿನ ವರ್ಷ ಬರೆಯಿರಿ, ಹಗಲು ಹೊತ್ತಿನಲ್ಲಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ ನಿಮ್ಮದೇ ಹೆಸರು ಹಾಕುವ ತೀರ್ಮಾನ ನಿಮ್ಮದು. ಬೇರೆ ಹೆಣ್ಣುಮಗಳ ಗುರುತು ಸಿಗುವಂಥದ್ದು ಒಂದಕ್ಷರವೂ ಬೇಡ, ಅದು ಅಪರಾಧ.

ಪ್ರಶ್ನೆ: ಬಾನು ಮುಷ್ತಾಕ್ ಅವರಿಗೆ ಸಿಕ್ಕಂತೆ ನನ್ನ ಪುಸ್ತಕಕ್ಕೂ ಅಂತರರಾಷ್ಟ್ರೀಯ ಬೂಕರ್‌ಗೆ ಅರ್ಜಿ ಹಾಕುವುದು ಹೇಗೆ?

ಉತ್ತರ: ಇಂಗ್ಲಿಷಿಗೆ ಅನುವಾದವಾಗಿ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾದ ಮೇಲೆ ಅಲ್ಲಿನ ಪ್ರಕಾಶಕರು ಕಳಿಸುತ್ತಾರೆ. ನೀವಿನ್ನೂ ಎರಡನೇ ಅಧ್ಯಾಯದಲ್ಲಿದ್ದೀರಿ.

ಪ್ರಶ್ನೆ: ಮುನ್ನುಡಿ, ಬೆನ್ನುಡಿ, ಆಶಯ ನುಡಿ, ಹಾರೈಕೆ ಯಾರಿಂದ ಬರೆಸಲಿ? ಬಿಡುಗಡೆಗೆ ಯಾರನ್ನು ಕರೆಯಲಿ?

ಉತ್ತರ: ಒಂದು ಮುನ್ನುಡಿ, ಅದೂ ನಾಲ್ಕು ಪುಟ ಮೀರದಂತೆ, ಪೂರ್ತಿ ಓದಿ ಬರೆಯುವವರಿಂದ. ಉಳಿದವು ಬೇಡ, ಒಂದು ಫಾರಂ ಉಳಿಯುತ್ತದೆ. ಬಿಡುಗಡೆಗೆ ಶಾಲು, ಹಾರ, ಪೇಟ ಬಿಟ್ಟು ಬಾಗಿಲಲ್ಲಿ ಒಂದು ಮೇಜು ಹಾಕಿಸಿ, ಚಿಲ್ಲರೆ ಇಟ್ಟುಕೊಂಡು, ಯುಪಿಐ ಹಾಳೆ ಅಂಟಿಸಿ, ಮಾರಲು ಒಬ್ಬರನ್ನು ಕೂರಿಸಿ. ವೇದಿಕೆಯ ಮೇಲಿರುವವರಿಗೆ ಒಂದೊಂದು ಪ್ರತಿ ಹೋಗುತ್ತದೆ, ಅದನ್ನು ಖರ್ಚಿಗೆ ಬರೆದುಕೊಳ್ಳಿ. ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸುವುದು ಕಾನೂನು. ಅದನ್ನು ಮಾತ್ರ ಯಾರೂ ಕೇಳಿಲ್ಲ.